ಡ್ರಾಯಿಂಗ್ ಹೊರಗಿಂದ ಬರುತ್ತೆ, ಕೆಲಸ ಮಾತ್ರ ನಮ್ಮದು. ಇದು ಯಾವಾಗ ಬದಲಾಗೋದು?

ಭೋಸರಿ ವರ್ಕ್‌ಶಾಪ್ (ಪುಣೆ)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ಒಂದು ವಿಷಯ ಕೇಳಬೇಕಿತ್ತು. ನಮ್ಮ ದೇಶ ಜ್ಞಾನದ ಮೇಲೆ ನಿಲ್ಲುವ ಆರ್ಥಿಕತೆ ಆಗಬೇಕು ಅಂತ ಎಲ್ಲಾ ಕಡೆ ಹೇಳುತ್ತಾರೆ. 2005ರಲ್ಲಿ ಸ್ಯಾಮ್ ಪಿತ್ರೋಡಾ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಜ್ಞಾನ ಆಯೋಗ ಅಂತಲೇ ಒಂದು ಆಗಿತ್ತು. ಅಂದರೆ ಇದು ಇವತ್ತಿನ ಮಾತಲ್ಲ. ಆದರೂ ನಾನು ನಿಂತಿರುವ ಜಾಗದಿಂದ ನೋಡಿದರೆ ಆ ಕಡೆ ಹೆಜ್ಜೆ ಇಟ್ಟ ಹಾಗೇ ಕಾಣುವುದಿಲ್ಲ.

ನಾನು ವಿಜಯಪುರದ ಕಡೆಯವನು. ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ವರ್ಕ್‌ಶಾಪ್ ಇದೆ, ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯುವ ಸಿಎನ್‌ಸಿ, ವಿಎಂಸಿ ಮಷೀನ್‌ಗಳು, ಪೂರ್ತಿ ಜಾಬ್‌ವರ್ಕ್, ಅಂದರೆ ಬೇರೆಯವರು ಕೊಟ್ಟ ಕೆಲಸ. ಚಾಕಣದ ಕಂಪನಿಗಳಿಗೆ ಪಾರ್ಟ್ಸ್ ಮಾಡಿ ಕೊಡುತ್ತೇವೆ. ಮಷೀನ್‌ನ ಕಂಟ್ರೋಲರ್ ಜಪಾನಿನದು ಅಥವಾ ಜರ್ಮನಿಯದು. ಲೋಹ ಕತ್ತರಿಸುವ ತುದಿ, ಇನ್ಸರ್ಟ್, ಅದೂ ಹೊರಗಿನದು. ಡ್ರಾಯಿಂಗ್ ಮೇಲೆ ಇರುವ ಹೆಸರೂ ಹೊರದೇಶದ ಕಂಪನಿಯದೇ. ನಮ್ಮದು ಏನು ಅಂದರೆ ಜಾಗ, ಕರೆಂಟು, ಹುಡುಗರ ದುಡಿಮೆ. ಪೀಸ್‌ಗೆ ಇಷ್ಟು ಅಂತ ರೇಟು, ಅದರಲ್ಲೂ ಪ್ರತಿ ವರ್ಷ ಕಮ್ಮಿ ಮಾಡಿ ಅಂತ ಒತ್ತಾಯ.

ಒಂದು ಉದಾಹರಣೆ ಹೇಳುತ್ತೇನೆ. ಒಂದು ಬೇರಿಂಗ್ ಹೌಸಿಂಗ್ ಮಾಡುತ್ತಿದ್ದೆವು. ಊಟದ ಬಿಡುವಿನ ನಂತರ ಬರುವ ಮೊದಲ ನಾಲ್ಕೈದು ಪೀಸ್‌ಗಳಲ್ಲಿ ಬೋರ್, ಅಂದರೆ ಒಳಗಿನ ರಂಧ್ರದ ಅಳತೆ, ಹತ್ತು ಹದಿನೈದು ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಆಚೀಚೆ ಹೋಗುತ್ತಿತ್ತು. ಇನ್ಸರ್ಟ್ ಬದಲಿಸಿದೆವು, ಚಕ್ ಪ್ರೆಷರ್ ನೋಡಿದೆವು, ಮೆಟೀರಿಯಲ್ ಸರಿಯಿಲ್ಲ ಅಂತ ಸಪ್ಲೈಯರ್ ಹತ್ತಿರ ಜಗಳವೂ ಆಯಿತು. ಕೊನೆಗೆ ಕಂಡುಹಿಡಿದವನು ಇಂಡಿ ತಾಲೂಕಿನಿಂದ ಬಂದ ನಮ್ಮ ಆಪರೇಟರ್ ಹುಡುಗ. ಊಟಕ್ಕೆ ಮಷೀನ್ ನಿಲ್ಲಿಸಿದಾಗ ಅದರ ತಿರುಗುವ ದಂಡ, ಸ್ಪಿಂಡಲ್, ತಣ್ಣಗಾಗುತ್ತದೆ, ಮತ್ತೆ ಬಿಸಿ ಏರುವವರೆಗೆ ಅಳತೆ ಸರಿಯುತ್ತಾ ಹೋಗುತ್ತದೆ, ಹಾಗಾಗಿ ಸ್ಪಿಂಡಲ್ ಅನ್ನು ಸ್ವಲ್ಪ ಹೊತ್ತು ಖಾಲಿ ಓಡಿಸಿ ಆಮೇಲೆ ಜಾಬ್ ಹಾಕಿದರೆ ರಿಜೆಕ್ಷನ್ ಬರಲ್ಲ ಅಂತ ಅವನೇ ನೋಡಿ ನೋಡಿ ತಿಳಿದುಕೊಂಡಿದ್ದ. ಇಷ್ಟು ಸೂಕ್ಷ್ಮ ಇರುವ ಹುಡುಗನಿಗೆ ಡ್ರಾಯಿಂಗ್‌ನಲ್ಲಿರುವ ಚಿಹ್ನೆಗಳನ್ನು ಓದಲು ಬರುವುದಿಲ್ಲ. ಐಟಿಐ ಸರ್ಟಿಫಿಕೇಟ್ ಇದೆ, ಆದರೆ ಅಲ್ಲಿ ಸಿಎನ್‌ಸಿ ಮಷೀನ್ ಮುಟ್ಟಿಯೇ ಇರಲಿಲ್ಲ. ಕಂಡುಹಿಡಿದದ್ದನ್ನು ನಾಲ್ಕು ಸಾಲು ಬರೆದಿಡು ಅಂದರೆ ಕೈ ಹಿಂದೆ ಸರಿಯುತ್ತದೆ.

ಈಗ ನನ್ನ ಪ್ರಶ್ನೆ. ಅಡ್ಡಿ ಎಲ್ಲಿದೆ? ಶಾಲೆಯಲ್ಲಾ, ದುಡ್ಡಿನಲ್ಲಾ, ಸರ್ಕಾರದ ನೀತಿಯಲ್ಲಾ, ಇಲ್ಲ ನಮ್ಮಂತಹ ಮಾಲೀಕರಲ್ಲಾ? ಸ್ವಂತ ಡಿಸೈನ್ ಮಾಡಿ ಮಾರುವ ಕಾಲ ನಮಗೂ ಬರುತ್ತಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಪಾಷಾಣ ಲ್ಯಾಬ್

ಸರ್, ನಾನು ಪುಣೆಯಲ್ಲೇ ಒಂದು ಸರ್ಕಾರಿ ಲ್ಯಾಬಿನಲ್ಲಿ ಕೆಲಸ ಮಾಡುವವನು, ಕೆಮಿಸ್ಟ್ರಿ. ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡುವುದು ಜಿಡಿಪಿಯ 0.64% ಮಾತ್ರ, 2020-21ರ ಲೆಕ್ಕ. ದಕ್ಷಿಣ ಕೊರಿಯಾ 5%ರ ಹತ್ತಿರ ಇದೆ. ಚೀನಾ 2.4% ದಾಟಿದೆ. ಆದರೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಯಾರ ಜೇಬಿನಿಂದ ಬರುತ್ತೆ ಅನ್ನುವುದರಲ್ಲಿದೆ. ಆ ದೇಶಗಳಲ್ಲಿ ಮುಕ್ಕಾಲು ಭಾಗದಷ್ಟು ಖಾಸಗಿ ಕಂಪನಿಗಳದು. ನಮ್ಮಲ್ಲಿ ಖಾಸಗಿಯವರ ಪಾಲು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕಂಪನಿಗಳು ಕೈ ಹಾಕದೆ ಲ್ಯಾಬ್ ಒಂದೇ ಎಷ್ಟು ಮಾಡಿದರೂ ಅದು ಪೇಪರ್ ಆಗಿ ಉಳಿಯುತ್ತದೆ, ಅಂಗಡಿಗೆ ಬರುವ ಸಾಮಾನು ಆಗುವುದಿಲ್ಲ.

ಇನ್ನು ದುಡ್ಡು ಇದ್ದಾಗಲೂ ಕೆಲಸ ಹೇಗೆ ನಿಲ್ಲುತ್ತದೆ ಅಂತ ಹೇಳಬೇಕು. 2024ರ ಜುಲೈ ಬಜೆಟ್‌ನಲ್ಲಿ ಲ್ಯಾಬ್ ಕೆಮಿಕಲ್ಸ್ ಮೇಲಿನ ಆಮದು ಸುಂಕ 10%ರಿಂದ 150%ಕ್ಕೆ ಏರಿತು. ನಮ್ಮ ಕಾರಿಡಾರಿನಲ್ಲಿ ಎಲ್ಲರ ಮುಖ ಬಾಡಿತ್ತು. ಗಲಾಟೆ ಆದಮೇಲೆ ಸಂಶೋಧನೆಗೆ ಬಳಸುವವರಿಗೆ ಮತ್ತೆ 10%ಕ್ಕೆ ಇಳಿಸಿದರು, ಸಂತೋಷ. ಆದರೆ ಬಾಟಲಿ ಬರದೆ ಪ್ರಯೋಗ ನಡೆಯುವುದಿಲ್ಲ ಅನ್ನುವುದು ಬರೆಯುವ ಮೊದಲೇ ಯಾರಿಗಾದರೂ ಹೊಳೆಯಬೇಕಿತ್ತಲ್ವಾ? ಉಪಕರಣ ಕೊಳ್ಳುವ ನಿಯಮವೂ ಹಾಗೆಯೇ ಇತ್ತು. ಆಫೀಸಿಗೆ ಕುರ್ಚಿ ಕೊಳ್ಳುವ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲೇ ಸೂಕ್ಷ್ಮ ಯಂತ್ರವನ್ನೂ ಹುಡುಕಬೇಕಿತ್ತು. 2025ರ ಜೂನ್‌ನಲ್ಲಿ ಅದನ್ನು ಸಡಿಲಿಸಿದ್ದಾರೆ, ಒಳ್ಳೆಯದಾಯಿತು. ಫೆಲೋಶಿಪ್ ಕಥೆ ಬೇರೆ. 2023ರ ಜನವರಿಯಿಂದ ಪಿಎಚ್‌ಡಿ ಹುಡುಗರಿಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ ಆಗಿದೆ. ಆದರೆ ಆ ದುಡ್ಡು ತಿಂಗಳು ತಿಂಗಳು ಬರುತ್ತೆ ಅನ್ನುವ ಭರವಸೆ ಇಲ್ಲ. ನನ್ನ ಜೊತೆ ಇದ್ದ ಒಬ್ಬ ಒಳ್ಳೆಯ ಹುಡುಗಿ ಬಾಡಿಗೆ ಕಟ್ಟಲು ಆಗದೆ ಪಿಎಚ್‌ಡಿ ಬಿಟ್ಟು ಬ್ಯಾಂಕ್ ಪರೀಕ್ಷೆಗೆ ಓದಲು ಹೋದಳು. ಅವಳು ಬಿಟ್ಟ ಕೆಲಸವನ್ನು ಇನ್ನೂ ಯಾರೂ ಮುಂದುವರಿಸಿಲ್ಲ.

ಆದರೆ ನಿಮ್ಮ ಕೊನೆಯ ಪ್ರಶ್ನೆಗೆ, ಕಾಲ ಬರುತ್ತಾ ಅಂತ ಕೇಳಿದ್ದಕ್ಕೆ, ಬಂದ ಉದಾಹರಣೆ ನಮ್ಮ ಕಣ್ಣ ಮುಂದೆಯೇ ಇದೆ. ಔಷಧಿ. 1970ರ ಪೇಟೆಂಟ್ ಕಾಯ್ದೆ ಔಷಧಿಗೆ ಪೇಟೆಂಟ್ ಕೊಡಲಿಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ಅಂದರೆ ಅದೇ ಔಷಧಿಯನ್ನು ಬೇರೆ ದಾರಿಯಲ್ಲಿ ಮಾಡಿದರೆ ತಪ್ಪಿಲ್ಲ. ನಮ್ಮ ಕೆಮಿಸ್ಟ್‌ಗಳು ಆ ಬೇರೆ ದಾರಿ ಹುಡುಕುತ್ತಲೇ ಪಳಗಿದರು. 2005ರಲ್ಲಿ ಮತ್ತೆ ಔಷಧಿಗೇ ಪೇಟೆಂಟ್ ಬಂತು, ಅಷ್ಟರಲ್ಲಿ ಕಲಿಯಬೇಕಾದ್ದನ್ನು ಕಲಿತಾಗಿತ್ತು. ವರ್ಷಕ್ಕೆ 10,000 ಡಾಲರ್‌ಗೂ ಮೇಲಿದ್ದ ಎಚ್‌ಐವಿ ಚಿಕಿತ್ಸೆಯ ಔಷಧಿಯನ್ನು 350 ಡಾಲರ್‌ಗೆ ಕೊಡುತ್ತೇವೆ ಅಂತ ಮುಂಬೈನ ಸಿಪ್ಲಾ 2001ರಲ್ಲಿ ಮುಂದೆ ಬಂದದ್ದು ಇದೇ ಪಳಗಿದ ಕೈಯಿಂದ. ಬೇರೆಯವರ ಡ್ರಾಯಿಂಗ್ ಮೇಲೆ ಕೆಲಸ ಮಾಡುವುದು ನಾಚಿಕೆ ಅಲ್ಲ ಸರ್. ಅದರಿಂದ ಕಲಿತದ್ದು ಎಲ್ಲಿ ಸೇರುತ್ತೆ ಅನ್ನುವುದೇ ಪ್ರಶ್ನೆ. ನಿಮ್ಮ ಹುಡುಗ ಕಂಡುಹಿಡಿದದ್ದು ಅವನ ಜೊತೆಯೇ ಬೇರೆ ಕಂಪನಿಗೆ ಹೋಗುತ್ತದೆ, ನಿಮ್ಮಲ್ಲಿ ಉಳಿಯುವುದಿಲ್ಲ.

ಖರಾಡಿ ಇಂಜಿನಿಯರ್

ಅಣ್ಣಾ, ನಿಮ್ಮ ಪೋಸ್ಟ್ ಓದಿ ಉತ್ತರ ಬರೆಯಲೇಬೇಕು ಅನ್ನಿಸಿತು. ಡ್ರಾಯಿಂಗ್ ಹೊರಗಿಂದ ಬರುತ್ತೆ ಅಂದಿರಲ್ಲ, ಅದು ನಿಮ್ಮ ವರ್ಕ್‌ಶಾಪ್‌ನಿಂದ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಆಗಿದ್ದರೂ ಆಗಿರಬಹುದು. ನಾನು ಒಂದು ವಿದೇಶಿ ಕಂಪನಿಯ ಇಂಜಿನಿಯರಿಂಗ್ ಸೆಂಟರ್‌ನಲ್ಲಿ ಮೆಕ್ಯಾನಿಕಲ್ ಡಿಸೈನ್ ಮಾಡುತ್ತೇನೆ. ಧಾರವಾಡದ ಹುಡುಗಿ, ಪುಣೆಗೆ ಬಂದು ತುಂಬಾ ವರ್ಷ ಆಯಿತು. ಮಾಡೆಲ್ ಮಾಡುವುದು, ಟಾಲರೆನ್ಸ್ (ಅಳತೆ ಎಷ್ಟು ಆಚೀಚೆ ಆದರೆ ನಡೆಯುತ್ತೆ ಅನ್ನುವ ಮಿತಿ) ಹಾಕುವುದು, ಸ್ಟ್ರೆಸ್ ಅನಾಲಿಸಿಸ್, ಎಲ್ಲಾ ಇಲ್ಲಿಯೇ, ನಮ್ಮವರೇ. ಟೈಟಲ್ ಬ್ಲಾಕ್‌ನಲ್ಲಿ ಮಾತ್ರ ಹೆಡ್ ಆಫೀಸಿನ ಹೆಸರು. ವಿದೇಶಿ ಕಂಪನಿಗಳ ಇಂತಹ ಸೆಂಟರ್‌ಗಳು, ಐಟಿ, ಹಣಕಾಸಿನ ಕೆಲಸದವೂ ಸೇರಿ, ದೇಶದಲ್ಲಿ 2024ರ ಹೊತ್ತಿಗೆ 1,700 ದಾಟಿದ್ದವು, ಸುಮಾರು 19 ಲಕ್ಷ ಜನ ಕೆಲಸ ಮಾಡುತ್ತಿದ್ದರು.

ಹಾಗಾಗಿ ನಮ್ಮಲ್ಲಿ ಡಿಸೈನ್ ಮಾಡುವವರೇ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇದ್ದಾರೆ. ಪೇಟೆಂಟ್‌ನಲ್ಲಿ ಕಂಡುಹಿಡಿದವರು ಅಂತ ನಮ್ಮ ಟೀಮಿನವರ ಹೆಸರೂ ಇರುತ್ತದೆ. ಆದರೆ ಹಕ್ಕು ಕಂಪನಿಯದು. ಯಾವ ಪ್ರಾಡಕ್ಟ್ ಮಾಡಬೇಕು, ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬೇಕು ಅನ್ನುವ ತೀರ್ಮಾನ ಇಲ್ಲಿ ಆಗುವುದಿಲ್ಲ. ನಾನು ಗೇರ್‌ಬಾಕ್ಸ್‌ನ ಒಂದು ಭಾಗ ಚೆನ್ನಾಗಿ ಬಲ್ಲೆ. ಇಡೀ ಗೇರ್‌ಬಾಕ್ಸ್ ಯಾಕೆ ಹಾಗಿದೆ, ಗಿರಾಕಿ ಏನು ಕೇಳಿದ್ದ ಅಂತ ಗೊತ್ತಿರುವವರು ಬೇರೆ ದೇಶದಲ್ಲಿ ಕೂತಿದ್ದಾರೆ. ನೀವು ಪಾರ್ಟ್ ಮಾಡುತ್ತೀರಿ, ನಾನು ಪಾರ್ಟ್‌ನ ಡ್ರಾಯಿಂಗ್ ಮಾಡುತ್ತೇನೆ. ನಾವಿಬ್ಬರೂ ಒಂದೇ ಊರಿನಲ್ಲಿದ್ದೇವೆ, ಒಬ್ಬರಿಗೊಬ್ಬರು ಗೊತ್ತೇ ಇಲ್ಲ. ನಾನು ಹಾಕಿದ ಟಾಲರೆನ್ಸ್ ಮಷೀನ್ ಮೇಲೆ ಎಷ್ಟು ಕಷ್ಟ ಕೊಡುತ್ತೆ ಅಂತ ನನಗೆ ಯಾರೂ ಹೇಳಿಲ್ಲ. ಒಮ್ಮೆಯಾದರೂ ವರ್ಕ್‌ಶಾಪ್ ನೋಡಬೇಕು ಅಂತ ಕೇಳಿದ್ದೆ, ಬಜೆಟ್‌ನಲ್ಲಿ ಇಲ್ಲ ಅಂದರು.

ಇನ್ನೊಂದು ವಿಷಯ, ಇಲ್ಲಿ ಯಾರೂ ಎತ್ತಿಲ್ಲ. ಕಾಲೇಜಿನಲ್ಲಿ ನಮ್ಮ ಜೊತೆ ಓದಿದ ಹುಡುಗಿಯರಲ್ಲಿ ಎಷ್ಟೋ ಜನ ಮಗು ಆದಮೇಲೆ ಕೆಲಸ ಬಿಟ್ಟರು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ಇರಲೇಬೇಕು. ಕಾಗದದ ಮೇಲೆ ಇರುತ್ತದೆ, ಆದರೆ ಮಗುವನ್ನು ಬಿಟ್ಟು ಆ ಟ್ರಾಫಿಕ್‌ನಲ್ಲಿ ಹಿಂಜೆವಾಡಿಗೆ ಹೋಗಿ ಸಂಜೆ ಹೆಡ್ ಆಫೀಸಿನ ಕಾಲ್ ಮುಗಿಸಿ ಮನೆ ಸೇರುವ ಹೊತ್ತಿಗೆ ಮಗು ಮಲಗಿರುತ್ತದೆ. ಓದಿಸಿದ ತಲೆಗಳನ್ನು ಹೀಗೆ ಮನೆಯಲ್ಲಿ ಕೂರಿಸಿ ಜ್ಞಾನದ ಆರ್ಥಿಕತೆ ಕಟ್ಟಲು ಆಗಲ್ಲ. ಸಾವಿತ್ರಿಬಾಯಿ ಫುಲೆ 1848ರಲ್ಲಿ ಹುಡುಗಿಯರಿಗೆ ಶಾಲೆ ತೆರೆದ ಊರಿನಲ್ಲಿ ಕೂತು ಇದನ್ನು ಬರೆಯಬೇಕಾಗಿದೆ ಅಂತ ಬೇಜಾರಾಗುತ್ತದೆ.

ಸೊಲ್ಲಾಪುರ ರೋಡ್

ಎಲ್ಲಾ ಸರಿ. ಆದರೆ 2023-24ರ ಲೆಕ್ಕದಲ್ಲೂ ದೇಶದ ದುಡಿಯುವವರಲ್ಲಿ 46% ಜನ ಹೊಲದಲ್ಲೇ ಇದ್ದರು. ಅವರಿಗೆ ಮೊದಲು ಫ್ಯಾಕ್ಟರಿ ಕೆಲಸ ಬೇಕು. ಪೇಟೆಂಟು, ಪಿಎಚ್‌ಡಿ ಎಲ್ಲಾ ಆಮೇಲೆ. ಹೊಟ್ಟೆ ತುಂಬಿದ ಮೇಲೆ ಜ್ಞಾನ.

ಮಾಟುಂಗ ಮೇಷ್ಟ್ರು (ಮುಂಬೈ)

ಸೊಲ್ಲಾಪುರದವರೇ, ಹೊಟ್ಟೆಯ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೊದಲು ಇದು, ಆಮೇಲೆ ಅದು ಅಂತ ಸಾಲಾಗಿ ನಿಲ್ಲಿಸಿದರೆ ಓದಿನ ಸರದಿ ಯಾವತ್ತೂ ಬರುವುದಿಲ್ಲ ಮಾರಾಯ್ರೇ. ನಾನು ಮುಂಬೈಯ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದವನು. ನಮ್ಮಲ್ಲಿಗೆ ಬರುತ್ತಿದ್ದ ಹುಡುಗರು ಉಡುಪಿ ಹೋಟೆಲುಗಳಲ್ಲಿ ಟೇಬಲ್ ಒರೆಸುವವರು, ಲೋಟ ತೊಳೆಯುವವರು, ಕ್ಯಾಂಟೀನ್ ಮಾಣಿಗಳು. ಬೆಳಿಗ್ಗೆ ಐದಕ್ಕೆ ಎದ್ದು ದುಡಿದು ಸಂಜೆ ಶಾಲೆಗೆ ಬಂದು ಕೂರುತ್ತಿದ್ದರು. ಬೆರಳ ಸಂದಿಯಲ್ಲಿ ಸೋಡಾ ಪುಡಿಗೆ ಬಿರುಕು ಬಿಟ್ಟಿರುತ್ತಿತ್ತು, ಪೆನ್ನು ಹಿಡಿದರೆ ಉರಿ. ನಿದ್ದೆ ತೂಗುವವನನ್ನು ಬೈಯಲು ನನಗೆ ಮನಸ್ಸು ಬರುತ್ತಿರಲಿಲ್ಲ, ಬೆಂಚಿನಿಂದ ಎದ್ದು ನಿಂತು ಓದು ಅನ್ನುತ್ತಿದ್ದೆ. ಅವರಲ್ಲಿ ಎಷ್ಟೋ ಮಂದಿ ಬ್ಯಾಂಕಿಗೆ, ರೈಲ್ವೆಗೆ, ವಕೀಲಿಗೆ ಹೋದರು, ಹೋಟೆಲು ಕಟ್ಟಿದರು. ಹೊಟ್ಟೆ ಮತ್ತು ಓದು ಎರಡೂ ಒಂದೇ ದಿನ, ಒಂದೇ ಮೈಯಲ್ಲಿ ನಡೆದವು. ಆ ಶಾಲೆಗಳಲ್ಲಿ ಹೆಚ್ಚಿನವು ಈಗ ಮುಚ್ಚಿವೆ. ದುಡಿಯುತ್ತಾ ಓದಲು ಬೇರೆ ಏನು ಬಂತು ಅಂತ ಕೇಳಿದರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಭೋಸರಿಯವರ ಪ್ರಶ್ನೆಗೆ ನನ್ನ ಉತ್ತರ ಒಂದೇ, ಅಡ್ಡಿ ಇರುವುದು ಬುಡದಲ್ಲಿ. 1951ರಲ್ಲಿ ಖರಗ್‌ಪುರದಲ್ಲಿ ಮೊದಲ ಐಐಟಿ ಶುರುವಾಯಿತು, 1958ರಲ್ಲಿ ನಮ್ಮ ಪವೈಯದು. ಅದೇ 1951ರ ಜನಗಣತಿಯಲ್ಲಿ ಓದು ಬರಹ ಬಲ್ಲವರು 18.33% ಮಾತ್ರ. ಐಐಟಿ ಕಟ್ಟಿದ್ದು ತಪ್ಪು ಅನ್ನುವುದಿಲ್ಲ, ಅದು ಬೇಕೇ ಬೇಕಿತ್ತು. ಆದರೆ ಅಷ್ಟೇ ಆಸ್ಥೆಯಿಂದ ಪ್ರಾಥಮಿಕ ಶಾಲೆ ಕಟ್ಟಲಿಲ್ಲ. ಕೊರಿಯಾದವರು ಯುದ್ಧ ಮುಗಿದ 1953ರ ನಂತರ ಮೊದಲು ಎಲ್ಲ ಮಕ್ಕಳನ್ನೂ ಪ್ರಾಥಮಿಕ ಶಾಲೆಗೆ ತಂದರು, ಆಮೇಲೆ ಹೈಸ್ಕೂಲು, ಆಮೇಲೆ ಕಾಲೇಜು. ಅವರ ದೊಡ್ಡ ಸಂಶೋಧನಾ ಸಂಸ್ಥೆ ಕೆಐಎಸ್‌ಟಿ 1966ರಲ್ಲಿ ಬಂತು. ಅದೇ 1966ರಲ್ಲಿ ನಮ್ಮ ಕೊಠಾರಿ ಆಯೋಗ ವಿದ್ಯೆಗೆ ದೇಶದ ವರಮಾನದ 6% ಇಡಿ ಅಂತ ವರದಿ ಕೊಟ್ಟಿತು. 2020ರ ಶಿಕ್ಷಣ ನೀತಿಯಲ್ಲೂ ಅದೇ 6%, ಇನ್ನೂ ಮುಟ್ಟಬೇಕಾದ ಗುರಿ ಅಂತ ಬರೆದಿದ್ದಾರೆ. ಕಡ್ಡಾಯ ಶಿಕ್ಷಣದ ಹಕ್ಕು ಜಾರಿಗೆ ಬಂದದ್ದು 2010ರ ಏಪ್ರಿಲ್‌ನಲ್ಲಿ. ಮಕ್ಕಳು ಈಗ ಶಾಲೆಗೆ ಬರುತ್ತಾರೆ, ಅದು ದೊಡ್ಡ ಗೆಲುವೇ. ಆದರೆ ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿ ನೋಡಿ. ಹಳ್ಳಿಗಳ ಐದನೇ ತರಗತಿಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಎರಡನೇ ತರಗತಿಯ ಪಾಠ ಸರಾಗವಾಗಿ ಓದಲು ಬರುವುದಿಲ್ಲ. ಐದನೇ ಕ್ಲಾಸಿನಲ್ಲಿ ಓದಲು ಬಾರದ ಮಗುವೇ ಮುಂದೆ ಐಟಿಐಗೆ ಹೋಗುತ್ತದೆ, ನಿಮ್ಮ ಲೇತಿನ ಮುಂದೆ ನಿಲ್ಲುತ್ತದೆ. ಬುದ್ಧಿ ಇದೆ, ಕೈ ಇದೆ, ಬರೆಯುವ ಬಲ ಮಾತ್ರ ಕೊಟ್ಟಿಲ್ಲ.

ಮುಂಬೈಯ ಇನ್ನೊಂದು ಪಾಠ. 1982ರಲ್ಲಿ ಗಿರಣಿ ಮುಷ್ಕರ ಶುರುವಾಯಿತು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಲೋವರ್ ಪರೇಲಿನ ಆ ಜಾಗದಲ್ಲಿ ಈಗ ಗಾಜಿನ ಆಫೀಸುಗಳು, ಬ್ಯಾಂಕುಗಳು, ಟಿವಿ ಸ್ಟುಡಿಯೋಗಳು. ಇಲ್ಲಿ ಜ್ಞಾನದ ಕೆಲಸ ಬಂದಿದೆ, ಒಪ್ಪುತ್ತೇನೆ. ಆದರೆ ಮಗ್ಗ ಬಿಟ್ಟವನಿಗೆ ಆ ಬಾಗಿಲು ತೆರೆಯಲಿಲ್ಲ, ಅವನು ಕಾವಲುಗಾರನಾದ, ತರಕಾರಿ ಮಾರಿದ, ಊರಿಗೆ ಹೋದ. ಬದಲಾವಣೆ ಬಂದಾಗ ನಲವತ್ತು ದಾಟಿದವನಿಗೆ ಏನು ಕಲಿಸುತ್ತೀರಿ, ಯಾರು ಕಲಿಸುತ್ತಾರೆ, ಕಲಿಯುವಷ್ಟು ದಿನ ಮನೆಗೆ ಅಕ್ಕಿ ಯಾರು ತರುತ್ತಾರೆ? ಇದಕ್ಕೆ ಆಗಲೂ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ವಾಸ್ಕೋ ಕನ್ನಡಿಗ (ಗೋವಾ)

ಮೇಷ್ಟ್ರು ಹೇಳಿದ್ದನ್ನು ಗೋವಾದಲ್ಲಿ ನಾವು ಈಗ ನೋಡುತ್ತಿದ್ದೇವೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 88 ಗಣಿ ಗುತ್ತಿಗೆಗಳನ್ನು ರದ್ದು ಮಾಡಿತು, ಮಾರ್ಚ್‌ನಿಂದ ಗಣಿ ನಿಂತಿತು. 2012ರಲ್ಲೂ ಒಮ್ಮೆ ನಿಂತಿತ್ತು. ಕಾನೂನು ಮುರಿದು ತೋಡಿದ್ದಕ್ಕೆ ಕೋರ್ಟ್ ತಡೆದದ್ದು ಸರಿಯೇ. ಆದರೆ ಟ್ರಕ್ ಸಾಲ ಮಾಡಿದವರು, ಗ್ಯಾರೇಜಿನವರು, ನಮ್ಮ ಹಾವೇರಿ, ಗದಗ, ಬಾಗಲಕೋಟೆ ಕಡೆಯಿಂದ ಬಂದು ದುಡಿಯುತ್ತಿದ್ದವರು ಎಲ್ಲಿಗೆ ಹೋಗಬೇಕು? ಐಟಿ ತರುತ್ತೇವೆ, ಸ್ಟಾರ್ಟಪ್ ತರುತ್ತೇವೆ ಅಂದರು. ಟ್ರಕ್ ಓಡಿಸಿದವನಿಗೆ ಅದರಲ್ಲಿ ಜಾಗ ಇಲ್ಲ.

ಐಐಟಿ ಗೋವಾದ ವಿಷಯವೂ ಕೇಳಿ. 2016ರಲ್ಲಿ ಶುರುವಾಗಿ ವರ್ಷಗಟ್ಟಲೆ ಫರ್ಮಾಗುಡಿಯ ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲೇ ನಡೆಯಿತು. ಸತ್ತರಿ ತಾಲೂಕಿನ ಶೆಳ್-ಮೆಳಾವಲಿಯಲ್ಲಿ ಜಾಗ ಗೊತ್ತು ಮಾಡಿದಾಗ 2021ರ ಜನವರಿಯಲ್ಲಿ ಊರಿನವರು, ಅದರಲ್ಲೂ ಹೆಂಗಸರು, ಅಡ್ಡ ನಿಂತರು. ಸರ್ಕಾರ ಆ ಜಾಗ ಬಿಟ್ಟಿತು. ಓದಿನ ಸಂಸ್ಥೆ ಬೇಡ ಅನ್ನುವಷ್ಟು ದಡ್ಡರಾ ಅಂತ ಆಗ ಎಷ್ಟೋ ಜನ ಬೈದರು. ನನಗೆ ಹಾಗೆ ಅನ್ನಿಸುವುದಿಲ್ಲ. ಅಲ್ಲಿನವರ ಗೇರು ತೋಟ, ಅಲ್ಲಿನವರ ನೀರು. ಬರುವ ಐಐಟಿಯಲ್ಲಿ ತಮ್ಮ ಮಕ್ಕಳು ಓದುತ್ತಾರೆ ಅನ್ನುವ ನಂಬಿಕೆ ಅವರಿಗೆ ಇರಲಿಲ್ಲ. ಆ ನಂಬಿಕೆ ಹುಟ್ಟುವ ಹಾಗೆ ಹತ್ತಿರದ ಹೈಸ್ಕೂಲನ್ನು ಮೊದಲು ಸುಧಾರಿಸಿದ್ದರೆ ಮಾತೇ ಬೇರೆ ಇರುತ್ತಿತ್ತು.

ಭೋಸರಿ ವರ್ಕ್‌ಶಾಪ್

ಎಲ್ಲರಿಗೂ ಧನ್ಯವಾದ, ಎರಡೆರಡು ಸಲ ಓದಿದೆ. ಖರಾಡಿಯ ತಂಗಿ ಹೇಳಿದ್ದು ನನಗೆ ಹೊಸದು. ಡ್ರಾಯಿಂಗ್ ಮಾಡಿದವರು ನಮ್ಮೂರಿನಲ್ಲೇ ಇರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ತಂಗಿ, ಕಂಪನಿ ಬಜೆಟ್ ಕೊಡದಿದ್ದರೆ ಬೇಡ, ಒಂದು ಶನಿವಾರ ನೀವೇ ಬನ್ನಿ. ನಿಮ್ಮ ಜೊತೆಯವರನ್ನೂ ಕರೆತನ್ನಿ. ಎರಡು ಮೈಕ್ರಾನ್ ಬಿಗಿ ಮಾಡಿದರೆ ಇಲ್ಲಿ ಏನೇನು ಬದಲಾಗುತ್ತೆ ಅಂತ ಮಷೀನ್ ಮೇಲೆ ತೋರಿಸುತ್ತೇನೆ.

ಮಾಲೀಕರ ಕಡೆಯ ಒಂದು ಮಾತನ್ನೂ ಹೇಳಬೇಕು. ಸ್ವಂತ ಡಿಸೈನ್ ಮಾಡಲು ಕೈಯಲ್ಲಿ ಸ್ವಲ್ಪ ದುಡ್ಡು ನಿಲ್ಲಬೇಕು. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾಯ್ದೆಯೇ ಹೇಳುತ್ತದೆ. ಒಬ್ಬ ದೊಡ್ಡ ಗಿರಾಕಿ ಅದರ ಎರಡರಷ್ಟು ದಿನ ಆದಮೇಲೆ ಕೊಡುತ್ತಾರೆ. ದೂರು ಕೊಟ್ಟರೆ ಮುಂದಿನ ಆರ್ಡರ್ ಹೋಗುತ್ತದೆ. ಜಿಎಸ್‌ಟಿ ಮಾತ್ರ ನಾನು ಬಿಲ್ ಹಾಕಿದ ಲೆಕ್ಕಕ್ಕೇ ಕಟ್ಟಬೇಕು. ಪಗಾರದ ದಿನ ಬ್ಯಾಂಕಿನ ಮುಂದೆ ಓಡಾಡುವವನು ಹೊಸದು ಮಾಡಿ ನೋಡುವ ಧೈರ್ಯ ಎಲ್ಲಿಂದ ತರಬೇಕು? ಸಂಶೋಧನೆಗೆ ಖಾಸಗಿಯವರು ದುಡ್ಡು ಹಾಕಲ್ಲ ಅಂತ ಲ್ಯಾಬ್ ಸರ್ ಹೇಳಿದರು. ದೊಡ್ಡವರ ವಿಷಯದಲ್ಲಿ ಅದು ಸರಿ. ನಮ್ಮಂಥವರಿಗೆ ಬರಬೇಕಾದ ದುಡ್ಡು ಹೊತ್ತಿಗೆ ಬಂದರೆ ಅದೇ ದೊಡ್ಡ ಸಹಾಯ.

ಲ್ಯಾಬ್ ಸರ್, ಇನ್ನೊಂದು ಕೇಳಬೇಕು. ಆ ಹುಡುಗನ ತಿಳಿವಳಿಕೆ ಉಳಿಸುವುದು ಹೇಗೆ? ಅವನು ಬಾಯಿಂದ ಚೆನ್ನಾಗಿ ಹೇಳುತ್ತಾನೆ.

ಪಾಷಾಣ ಲ್ಯಾಬ್

ಬಾಯಿಂದ ಹೇಳಿಸಿಯೇ ಶುರು ಮಾಡಿ ಸರ್. ಮೊಬೈಲಿನಲ್ಲಿ ಅವನ ಮಾತನ್ನೇ ರೆಕಾರ್ಡ್ ಮಾಡಿ, ಅವನ ಭಾಷೆಯಲ್ಲೇ, ಮಷೀನ್ ಮುಂದೆ ನಿಂತು. ಆಮೇಲೆ ಅದಕ್ಕೆ ಅಂಕಿ ಸೇರಿಸಿ. ಊಟ ಆದಮೇಲೆ ಮೊದಲ ಹತ್ತು ಪೀಸ್‌ನ ಅಳತೆ, ಆ ಹೊತ್ತಿನ ಶೆಡ್‌ನ ಬಿಸಿ ಎಷ್ಟು, ಸ್ಪಿಂಡಲ್ ಎಷ್ಟು ಹೊತ್ತು ಖಾಲಿ ಓಡಿತು. ಒಂದು ಉದ್ದ ನೋಟ್‌ಬುಕ್ ಸಾಕು. ಬೇಸಿಗೆ ಮತ್ತು ಚಳಿಗಾಲದ ಅಂಕಿ ಎರಡೂ ಸಿಕ್ಕರೆ ಎಷ್ಟು ಹೊತ್ತು ಓಡಿಸಬೇಕು ಅಂತ ಯಾರು ಬೇಕಾದರೂ ನೋಡಿ ಹೇಳಬಹುದು, ಅವನು ರಜೆಯಲ್ಲಿದ್ದರೂ. ಅವನ ಹೆಸರನ್ನು ಆ ಹಾಳೆಯ ಮೇಲೆ ಹಾಕುವುದನ್ನು ಮರೆಯಬೇಡಿ. ಪಗಾರದಲ್ಲೂ ಅದು ಕಾಣಬೇಕು.

ಮಾಟುಂಗ ಮೇಷ್ಟ್ರು (ಮುಂಬೈ)

ಅವನಿಗೆ ಕನ್ನಡ ಓದಲು ಬರುತ್ತದಾ? ಬಂದರೆ ನನಗೆ ಡ್ರಾಯಿಂಗ್‌ನಲ್ಲಿ ಬರುವ ಚಿಹ್ನೆಗಳ ಪಟ್ಟಿ ಮತ್ತು ಒಂದೊಂದರ ಅರ್ಥ ಕಳಿಸಿ. ನಾನು ಕನ್ನಡದಲ್ಲಿ ಸರಳವಾಗಿ ಬರೆದು ಕೊಡುತ್ತೇನೆ, ಖರಾಡಿಯ ಮಗಳು ತಪ್ಪಿದ್ದರೆ ತಿದ್ದಲಿ. ರಾತ್ರಿ ಎಂಟರ ಮೇಲೆ ನಾನು ಫೋನಿನಲ್ಲಿ ಸಿಗುತ್ತೇನೆ, ವಾರಕ್ಕೆರಡು ದಿನ ಪಾಠ ಮಾಡಲು ತಯಾರಿದ್ದೇನೆ. ಬೇರೆ ಹುಡುಗರಿದ್ದರೆ ಅವರೂ ಕೂರಲಿ.

ಖರಾಡಿ ಇಂಜಿನಿಯರ್

ತಿದ್ದುತ್ತೇನೆ ಮೇಷ್ಟ್ರೇ, ಖುಷಿಯಿಂದ. ಅಣ್ಣಾ, ಬರುವ ಶನಿವಾರ ಬೆಳಿಗ್ಗೆ ನಾವು ಮೂರು ಜನ ಬರುತ್ತೇವೆ. ಊಟದ ಬಿಡುವಿನ ಹೊತ್ತಿಗೆ ಅಲ್ಲಿರಬೇಕು, ಆ ಬೋರ್ ಅಳತೆ ಹೇಗೆ ಸರಿಯುತ್ತೆ ಅಂತ ನಾವೂ ನೋಡಬೇಕು. ಗೇಟ್ ಎಲ್ಲಿ ಅಂತ ಲೊಕೇಶನ್ ಕಳಿಸಿ.